ಹೆಬ್ಬೆಟ್ಟು ಒತ್ತಿದ ತಪ್ಪಿಗೆ

“ಇವು ಯಾರಿಗವ್ವಾ, ನಿಮ್ಮತ್ತಿಗೇನು?” ಎಂದು ಲಿಂಗಸುಗೂರಿನ ಬೀಗಿತಿ ತನ್ನ ಮಗಳನ್ನು, ಅಂದರೆ ನನ್ನ ಸೊಸೆಯನ್ನು ಕೇಳಿ ನಕ್ಕಳು. ಸೊಸೆ ನಮಗೆಲ್ಲ ಫೋನಿನಲ್ಲಿ ಸುದ್ದಿ ಓದಿ ಹೇಳುತ್ತಿದ್ದಳು. ಸುದ್ದಿಯ ನಡುವೆ ಮುದುಕರ ಡೈಪರ್‌ಗಳ ಚಿತ್ರ ಮೇಲಿಂದ ಮೇಲೆ ಬರುತ್ತಿತ್ತು.

ನನಗೆ ಉಚ್ಚೆ ತಡೆಯಲಾಗುವುದಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ. ಹಿಂದಿನ ದಿನ ಸೊಸೆಯ ಫೋನಿಗೆ ಗುಟ್ಟಾಗಿ ಬಾಯಲ್ಲಿ ಹೇಳಿ, ಒಂದು ಅಂಗಡಿಯ ವೆಬ್‌ಸೈಟಿನಲ್ಲಿ ಅವನ್ನು ನೋಡಿದ್ದೆ. ಅದು ಏನೋ ಒಪ್ಪಿಗೆ ಕೇಳಿತು. ಒತ್ತದಿದ್ದರೆ ಏನೂ ಸಿಗದೆಂದು, ರೇಷನ್ ಅಂಗಡಿಯಲ್ಲಿ ಒತ್ತುವ ಹಾಗೆ ಹೆಬ್ಬೆಟ್ಟು ಒತ್ತಿದ್ದೆ.

ಬೀಗಿತಿ ಹೋದ ಮೇಲೆ ಮೊಮ್ಮಗಳಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ಬೈದಳು. “ಅದಕ್ಕ ಕುಕೀ ಅಂತಾರ ಅಜ್ಜೀ. ನೀ ಏನು ನೋಡಿದಿ ಅಂತ ಗುರುತು ಇಟ್ಕೊಂಡು, ಹೋದಲ್ಲೆಲ್ಲಾ ಅದನ್ನೇ ತೋರಸ್ತೈತಿ. ಬೇಡ ಅಂತ ಒತ್ತಿದ್ರೂ ಅಂಗಡಿ ತೆರೀತಿತ್ತು.”

“ಬೇಡ ಅನ್ನಾಕ ಬರ್ತೈತಿ ಅಂತ ನನಗ ಯಾರು ಹೇಳ್ಯಾರಲೇ?” ಎಂದೆ. ಅವಳು ಸೆಟ್ಟಿಂಗ್ಸ್‌ಗೆ ಹೋಗಿ ಎಲ್ಲ ಅಳಿಸಿದಳು.

ಫೋನು ಮರೆತಿದೆ. ಬೀಗಿತಿ ಮರೆತಿಲ್ಲ. ಈಗ ಅವಳ ಮನೆಗೆ ಹೋದರೆ, ನಾನು ಕೂರುವ ಮುಂಚೆ ಜಮಖಾನೆ ಸುತ್ತಿಟ್ಟು ಗೋಣಿಚೀಲ ಹಾಸುತ್ತಾಳೆ.