ಬದನೆಕಾಯಿಯ ತೊಟ್ಟು

ಎಣ್ಣೆಗಾಯಿಗೆ ಎಳೆಯ ಬದನೆಕಾಯನ್ನು ತುದಿಯಿಂದ ನಾಲ್ಕಾಗಿ ಸೀಳುತ್ತಾರೆ, ಆದರೆ ತೊಟ್ಟಿನ ತನಕ ಮಾತ್ರ. ತೊಟ್ಟು ಹಿಡಿದುಕೊಂಡಿರುವುದರಿಂದಲೇ ಆ ನಾಲ್ಕು ಸೀಳುಗಳು ಒಂದೇ ಕಾಯಿ ಎನಿಸಿಕೊಂಡು, ಶೇಂಗಾ, ಗುರೆಳ್ಳಿನ ಮಸಾಲೆ ತುಂಬಿಸಿಕೊಂಡು, ಬಾಣಲೆಯಲ್ಲಿ ಮರ್ಯಾದೆಯಿಂದ ಬೇಯುತ್ತವೆ. ತಿಂದಾದ ಮೇಲೆ ಆ ತೊಟ್ಟನ್ನು ಏನು ಮಾಡಬೇಕೆಂಬ ವಿಷಯದಲ್ಲಿ ಮನುಷ್ಯರು ಎರಡು ಪಂಗಡ: ತಟ್ಟೆಯ ಅಂಚಿಗೆ ಸರಿಸುವವರು ಮತ್ತು ಬಾಯೊಳಗಿಟ್ಟು ಕಡೆಯ ರಸದವರೆಗೂ ಚೀಪುವವರು. ನನ್ನ ಅಪ್ಪ ಎರಡನೆಯ ಪಂಗಡದವರು. ಇದನ್ನು ನಾನು ಇಷ್ಟು ವಿವರವಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ, ಸ್ವಲ್ಪ ತಾಳಿ.

ಅಪ್ಪ ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದು ಮೊನ್ನೆ ಮೊನ್ನೆ ನಿವೃತ್ತರಾದರು. ದೊಡ್ಡ ಹೋಟೆಲಿನಲ್ಲಿ ಊಟ ಇಟ್ಟುಕೊಳ್ಳೋಣ ಎಂದರೆ ಒಪ್ಪಲಿಲ್ಲ. ಬಸವೇಶ್ವರನಗರದ ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿ ಗದಗದ ಕಡೆಯ ನೀಲಕ್ಕ ನಡೆಸುವ ಖಾನಾವಳಿಯೇ ಆಗಬೇಕೆಂದರು. ಅದು ನೀಲಕ್ಕನದೇ ಮನೆಯ ಮುಂದಿನ ಕೋಣೆ, ಐದು ಮೇಜು. ಬೋರ್ಡಿನಲ್ಲಿ ಹೆಸರೆಲ್ಲ ಮಾಸಿ ‘ಊಟ ತಯಾರಿದೆ’ ಎಂಬುದಷ್ಟೇ ಉಳಿದಿದೆ. ಅಡುಗೆ ಮನೆಗೂ ಊಟದ ಕೋಣೆಗೂ ನಡುವೆ ಬಾಗಿಲಿಲ್ಲದ ಬಾಗಿಲು; ರೊಟ್ಟಿ ಬಡಿಯುತ್ತಲೇ ನೀಲಕ್ಕ ಎಲ್ಲರ ತಟ್ಟೆಯನ್ನೂ ನೋಡುತ್ತಿರುತ್ತಾರೆ. ಅಂದು ಸಂಜೆ ಅಪ್ಪನ ಗೌರವಾರ್ಥ ಎರಡು ಮೇಜುಗಳನ್ನು ಜೋಡಿಸಿದ್ದರು.

ಊಟಕ್ಕೆ ಅಪ್ಪ, ಅಮ್ಮ, ನಾನು, ಕೆಂಗೇರಿಯಿಂದ ಬಂದ ಚಿಕ್ಕಪ್ಪ. ಎರಡನೆಯ ರೊಟ್ಟಿಯ ಹೊತ್ತಿಗೆ ಚಿಕ್ಕಪ್ಪನಿಗೆ ಸಮಾರಂಭವೆಂದರೆ ಭಾಷಣ ಬೇಕು ಎಂದು ಹೊಳೆಯಿತು. “ಏಳಣ್ಣ, ಎರಡು ಮಾತಾಡು. ಇಷ್ಟು ವರ್ಷ ಬೇರೆಯವರ ಮಕ್ಕಳಿಗೆ ಮಾತಾಡಿದ್ದೀಯ, ನಮಗೂ ಸ್ವಲ್ಪ ಪಾಠ ಮಾಡು.”

ಅಪ್ಪನ ಬಾಯಲ್ಲಿ ತೊಟ್ಟಿತ್ತು. ಬಾಯಲ್ಲಿ ತುತ್ತಿಟ್ಟುಕೊಂಡು ಮಾತಾಡಬಾರದು ಎಂಬುದು ಅವರು ನಮ್ಮ ಮನೆಯಲ್ಲಿ ಜಾರಿಗೆ ತಂದಿದ್ದ ಶಾಸನ. ಉಗುಳುವುದು ಅಸಭ್ಯ, ಎಲ್ಲರನ್ನೂ ಕಾಯಿಸುವುದು ಇನ್ನೂ ಅಸಭ್ಯ. ಎದ್ದು ನಿಂತವರೇ ಅದನ್ನು ನುಂಗಿಬಿಟ್ಟರು.

ಆಮೇಲೆ ಮಾತು ಬರಲಿಲ್ಲ. ಬಾಯಿ ತೆರೆಯಿತು, ಮುಖ ಕೆಂಪಾಯಿತು, ಎರಡೂ ಕಣ್ಣಲ್ಲಿ ನೀರು ತುಂಬಿತು. ಅಪ್ಪ ಅತ್ತಿದ್ದನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ; ಅವರ ತಾಯಿ ತೀರಿಕೊಂಡ ದಿನವೂ ಬಂದವರಿಗೆ ಚಪ್ಪಲಿ ಎಲ್ಲಿ ಬಿಡಬೇಕೆಂದು ತೋರಿಸುತ್ತ ನಿಂತಿದ್ದವರು. ಅಂಥವರ ಕಣ್ಣಲ್ಲಿ ನೀರು! ಚಿಕ್ಕಪ್ಪ ಚಪ್ಪಾಳೆ ತಟ್ಟಿದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, “ಸುಮ್ನಿರಿ, ಅತ್ಕೊಳ್ಳಲಿ ಬಿಡಿ, ಮನಸ್ಸು ಹಗುರ ಆಗ್ಲಿ” ಎಂದರು. ನಾನು ವಿಡಿಯೋ ಮಾಡುತ್ತಿದ್ದೆ.

“ಅಳಾಕತ್ತಿಲ್ರೀ ಅವರು! ಉಸುರು ಕಟ್ಟೇತಿ! ಸರೀರಿ ಅತ್ಲಾಗ!”

ನೀಲಕ್ಕ ಹಿಟ್ಟಿನ ಕೈಯಲ್ಲೇ ಓಡಿ ಬಂದು, ಅಪ್ಪನನ್ನು ಮುಂದಕ್ಕೆ ಬಗ್ಗಿಸಿ, ಬೆನ್ನಿನ ನಡುವೆ ಅಂಗೈಯಿಂದ ಗುದ್ದಿದರು. ನಾಲ್ಕನೆಯ ಗುದ್ದಿಗೆ ತೊಟ್ಟು ಹಾರಿ ಮೊಸರಿನ ಬಟ್ಟಲಿಗೆ ಬಿತ್ತು. ಅಪ್ಪ ಉಸಿರೆಳೆದ ಸದ್ದು, ಬತ್ತಿದ ಕೊಳವೆಬಾವಿಗೆ ಒಮ್ಮೆಲೇ ನೀರು ಬಂದಂತಿತ್ತು. ಕುಳಿತು, ನೀರು ಕುಡಿದು, ಅವರು ಆಡಿದ ಮೊದಲ ಮಾತು, “ಆ ಮೊಸರು ಬದಲಾಯಿಸಿ.” ಅವರ ಹೊಸ ನೀಲಿ ಅಂಗಿಯ ಬೆನ್ನ ಮೇಲೆ ಜೋಳದ ಹಿಟ್ಟಿನ ಬಿಳಿ ಅಂಗೈ ಒಂದರ ಮೇಲೊಂದು ಮೂಡಿತ್ತು.

ನಿಮಗೆ ಹೇಗೆ ತಿಳಿಯಿತು ಎಂದು ಹೋಗುವಾಗ ಕೇಳಿದೆ. ನೀಲಕ್ಕ ಮತ್ತೆ ರೊಟ್ಟಿ ಬಡಿಯಲು ಕುಳಿತಾಗಿತ್ತು. “ಅಳೋರ ಕೈ ಕಣ್ಣಿಗೆ ಹೋಗ್ತಾವ್ರಿ. ಇವರದು ಕುತಿಗಿಗೆ ಹೋತು. ನೀವು ಬರೇ ಮಾರಿ ನೋಡಿದ್ರಿ.”

ಗೆಳೆಯರೇ, ನಾನು ಓದಿದವಳು. ಆಫೀಸಿನಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿಯನ್ನೂ ಪಡೆದು, ಇದೇ ಗುದ್ದನ್ನು ಒಂದು ರಬ್ಬರಿನ ಗೊಂಬೆಗೆ ಗುದ್ದಿ ಪ್ರಮಾಣಪತ್ರ ತಂದವಳು. ಆದರೆ ಆ ಗೊಂಬೆ ನನ್ನ ಅಪ್ಪನಾಗಿರಲಿಲ್ಲ, ಅದರ ಕಣ್ಣೀರಿಗಾಗಿ ನಾನು ಬಾಲ್ಯದಿಂದ ಕಾದಿರಲಿಲ್ಲ. ಇಪ್ಪತ್ತಮೂರು ಸೆಕೆಂಡಿನ ಆ ವಿಡಿಯೋವನ್ನು ಈಗಲೂ ಬಸ್ಸಿನಲ್ಲಿ, ಲಿಫ್ಟಿನಲ್ಲಿ, ಹಾಲು ಕಾಯಲು ಇಟ್ಟು ನಿಂತಾಗ ನೋಡುತ್ತೇನೆ. ಏಳನೆಯ ಸೆಕೆಂಡಿಗೆ ಅವರ ಕೈ ಕೊರಳಿಗೆ ಹೋಗುತ್ತದೆ. ಒಂಬತ್ತನೆಯದಕ್ಕೆ ಚಪ್ಪಾಳೆ. ಹನ್ನೊಂದನೆಯದಕ್ಕೆ ಅಪ್ಪ ನೇರವಾಗಿ ನನ್ನತ್ತ ನೋಡುತ್ತಾರೆ, ಆಗ ಒಂದು ಹೆಣ್ಣು ದನಿ ಸಂಭ್ರಮದಿಂದ, “ಅಮ್ಮ, ನೋಡೇ, ಅಪ್ಪ ಅಳ್ತಿದಾರೆ” ಎನ್ನುತ್ತದೆ. ಆ ದನಿ ನನ್ನದು. ನಮ್ಮವರು ಕರಗಲಿ ಎಂದು ನಾವು ಎಷ್ಟು ಹಸಿದಿರುತ್ತೇವೆಂದರೆ, ಅವರು ಮುಳುಗುತ್ತಿದ್ದರೂ ಅದು ನಮಗೆ ಕರಗಿದಂತೆಯೇ ಕಾಣುತ್ತದೆ.

ಒಂದು ದಿನ ಧೈರ್ಯ ಮಾಡಿ ಅಪ್ಪನಿಗೇ ಅದನ್ನು ತೋರಿಸಿ, “ಆಗ ನನ್ನ ಕಡೆ ಯಾಕೆ ನೋಡಿದ್ರಿ?” ಎಂದು ಕೇಳಿದೆ. ಅವರು ಕನ್ನಡಕ ಹಾಕಿಕೊಂಡು ಉತ್ತರಪತ್ರಿಕೆ ನೋಡುವ ಹಾಗೆ ಎರಡು ಸಲ ನೋಡಿದರು. “ನೀನೊಬ್ಬಳೇ ನನ್ನನ್ನ ನೋಡ್ತಾ ಇದ್ದೆ. ಅವರಿಬ್ಬರೂ ಕಣ್ಣು ಒರೆಸ್ಕೊಳ್ಳೋದು, ಚಪ್ಪಾಳೆ ತಟ್ಟೋದರಲ್ಲಿ ಇದ್ರು. ನಿನಗೆ ಗೊತ್ತಾಗುತ್ತೆ ಅಂದ್ಕೊಂಡೆ.” ಬೈದಿದ್ದರೆ ವಾಸಿಯಿತ್ತು. ಮಾತು ಬದಲಿಸಲು, ಭಾಷಣದಲ್ಲಿ ಏನು ಹೇಳಬೇಕೆಂದಿದ್ದಿರಿ ಎಂದೆ. “ರೊಟ್ಟಿ ಆರ್ತಾ ಇದೆ, ಮೊದಲು ಊಟ ಮಾಡಿ ಅಂತ.”

ಆಮೇಲೆ ಅಮ್ಮ ಕೆಲವು ದಿನ ತೊಟ್ಟು ಕಿತ್ತೇ ಎಣ್ಣೆಗಾಯಿ ಮಾಡಿದರು. ಹಿಡಿದುಕೊಳ್ಳಲು ಏನೂ ಇಲ್ಲದೆ ಕಾಯಿ ಬಾಣಲೆಯಲ್ಲೇ ಬಿಚ್ಚಿ, ಮಸಾಲೆ ಚೆಲ್ಲಿ, ಗೊಜ್ಜಾಯಿತು. ಅಪ್ಪ ಮೂರು ಸಲ ತಾಳಿಕೊಂಡು, ನಾಲ್ಕನೆಯ ಸಲ ತಟ್ಟೆ ಸರಿಸಿದರು. ಹಾಗಾಗಿ ತೊಟ್ಟು ಮರಳಿ ಬಂದಿದೆ. ಅವರು ಅದನ್ನು ಈಗಲೂ ಚೀಪುತ್ತಾರೆ. ನಾನು ಎದುರಿಗೆ ಕುಳಿತು, ಫೋನು ಒಳಗಿಟ್ಟು, ಅವರ ಕೈಯನ್ನು ನೋಡುತ್ತೇನೆ. ಚೀಪಿ ಮುಗಿದ ತೊಟ್ಟನ್ನು ತಟ್ಟೆಯ ಅಂಚಿನಲ್ಲಿ, ನನಗೆ ಕಾಣುವಂತೆ ಇಡುತ್ತಾರೆ. ಇಷ್ಟು ವರ್ಷ ಪರರ ಮಕ್ಕಳ ಹಾಜರಿ ಕೂಗಿದವರು ತಲೆ ಎತ್ತದೆಯೇ ಹೇಳುತ್ತಾರೆ: “ಪ್ರೆಸೆಂಟ್.”