ನಾಯಿ ಉಂಡೈತೇನ್ರಿ?

ನವನಗರದಲ್ಲಿ ನನ್ನ ಬೆಳಗಿನ ವಾಕಿಂಗ್ ಈಗ ಅರ್ಧಕ್ಕೇ ನಿಲ್ಲುತ್ತದೆ. ಪಾರ್ಕಿನ ಹತ್ತಿರ ದೊಡ್ಡ ದೊಡ್ಡ ನಾಯಿಗಳನ್ನು ಚೈನು ಬಿಚ್ಚಿ ಬಿಟ್ಟಿರುತ್ತಾರೆ. ಒಂದು ಓಡಿಬಂದು ನನ್ನ ಸೀರೆಯ ನಿರಿಗೆ ಮೂಸುತ್ತದೆ. ಅದರ ಯಜಮಾನ ದೂರದಿಂದಲೇ, ಫೋನಿನಿಂದ ಕಣ್ಣೆತ್ತದೆ, "ಏನೂ ಮಾಡಂಗಿಲ್ರಿ ಆಂಟಿ, ಭಾಳ ಫ್ರೆಂಡ್ಲಿ ಅದ" ಅನ್ನುತ್ತಾನೆ. ನಾನು ಎರಡೂ ಕೈ ಎದೆಗೆ ಒತ್ತಿ, ನೆಲ ನೋಡುತ್ತ, ಕಂಬದ ಹಾಗೆ ನಿಂತುಬಿಡುತ್ತೇನೆ. ನಾಯಿಗಿಂತ ನನಗೆ ಆ ಮಾತಿಗೇ ಅಂಜಿಕೆ. ಮನೆಗೆ ಬಂದರೂ ಕೂತಲ್ಲಿ ಕೂಡಲು ಆಗುವುದಿಲ್ಲ. ಚಹಾ ಆರುತ್ತದೆ. ಇಳಕಲ್ಲಿನ ಆ ಓಣಿಗೆ ಮನಸ್ಸು ಹೋಗಿ ಅಲ್ಲೇ ಅತ್ತಿಂದಿತ್ತ ಅಡ್ಡಾಡುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮವರು ರಸ್ತೆ ಇಲಾಖೆಯಲ್ಲಿ ಓವರ್‌ಸಿಯರ್. ಮೊದಲ ಸಂಸಾರ ಹೂಡಿದ್ದು ಬಾದಾಮಿಯಲ್ಲಿ. ಹುಬ್ಬಳ್ಳಿಯ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಬೆಳೆದ ನನಗೆ ಫೋರ್ಕ್ ಯಾವ ಕೈಯಲ್ಲಿ ಹಿಡಿಯಬೇಕು ಎಂದು ಕಲಿಸಿದ್ದರು, ಕೋತಿಗಳ ಜೊತೆ ಬಾಳುವುದನ್ನು ಕಲಿಸಿರಲಿಲ್ಲ. ಬಿಸಿಲಿಗೆ ಹಾಕಿದ ಸಂಡಿಗೆ, ಹಪ್ಪಳ, ಕೊನೆಗೆ ನನ್ನ ಹೊಸ ಟಿಫಿನ್ ಡಬ್ಬಿ, ಎಲ್ಲವೂ ಗುಡ್ಡ ಹತ್ತಿದವು. ಒಂದು ದಿನ ಚೊಳಚಗುಡ್ಡದ ದಾರಿಯಲ್ಲಿ ಕುರಿಹಿಂಡು ಅಡ್ಡ ಬಂದು ನಮ್ಮ ಜೀಪು ನಿಂತಿತು. ಹಿಂಡಿನ ಜೊತೆ ಇದ್ದ ನಾಯಿಮರಿಗಳನ್ನು ನೋಡಿ ನಮ್ಮವರು ಚೇಷ್ಟೆಗೆ, ನಮಗೊಂದು ಕೊಡ್ರಿ ಅಂದರು. ಕುರಿಯವರು ಚೇಷ್ಟೆ ಅಂದುಕೊಳ್ಳಲಿಲ್ಲ. ಒಂದು ಹೆಣ್ಣುಮರಿಯನ್ನು ಎತ್ತಿ, ಅದರ ಹಣೆಗೆ ಬೀರಪ್ಪನ ಭಂಡಾರ ಹಚ್ಚಿ, ನನ್ನ ಮಡಿಲಿಗೇ ಹಾಕಿದರು. ಮನೆ ಮುಟ್ಟುವುದರೊಳಗೆ ನನ್ನ ಸೀರೆಯೆಲ್ಲ ಅರಿಶಿನ.

ಆ ಮರಿಗೆ ನಾನು ಇಂಗ್ಲಿಷಿನಲ್ಲಿ ಪಾಠ ಮಾಡಿದೆ. ಸಿಟ್, ಕಮ್, ನೋ, ಗುಡ್ ಗರ್ಲ್. ಬೋರ್ಡಿಂಗಿನ ಸಿಸ್ಟರುಗಳು ತಮ್ಮ ನಾಯಿಯ ಜೊತೆ ಹಾಗೇ ಮಾತಾಡುತ್ತಿದ್ದರು, ನಾಯಿಗೆ ಬೇರೆ ಭಾಷೆ ಇದೆ ಎಂದು ನನಗೆ ಹೊಳೆದೇ ಇರಲಿಲ್ಲ. ಕನ್ನಡದಲ್ಲಿ ಕಲಿಸಿದ್ದು ಒಂದೇ: ಛೂ. ಕೋತಿ ಅಂಗಳಕ್ಕೆ ಇಳಿದರೆ ಛೂ ಅನ್ನುವುದು, ಅದು ಓಡಿದರೆ ಬೆನ್ನು ಹತ್ತುವುದು, ಹಿಂಗಾಲಿಗೆ ಬಾಯಿ ಹಾಕುವುದು, ತಿರುಗಿ ಬಂದ ಮೇಲೆ ಬೆಲ್ಲದ ಚೂರು. ಕುರಿ ಕಾಯುವ ಕುಲದ್ದು, ಓಡುವ ಕಾಲು ಕಂಡರೆ ಅದಕ್ಕೆ ಮೈಯೆಲ್ಲ ಕಿವಿಯಾಗುತ್ತಿತ್ತು. ನನ್ನ ಸಂಡಿಗೆ ಉಳಿದವು. ಅಕ್ಕಪಕ್ಕದವರು ಕೂಡ ತಮ್ಮ ಹಪ್ಪಳ ತಂದು ನಮ್ಮ ಅಂಗಳದಲ್ಲಿ ಹಾಕತೊಡಗಿದರು. ನನಗೆ ಹೆಮ್ಮೆ.

ಆಮೇಲೆ ಇಳಕಲ್ಲಿಗೆ ವರ್ಗವಾಯಿತು. ಅಲ್ಲಿ ಕೋತಿಗಳ ಕಾಟ ಇರಲಿಲ್ಲ. ಮಕ್ಕಳು ಇದ್ದರು.

ಮನೆ ಸಿಕ್ಕಿದ್ದು ನೇಕಾರರ ಓಣಿಯ ತುದಿಯಲ್ಲಿ. ಹಗಲೆಲ್ಲ ಮಗ್ಗದ ಸಪ್ಪಳ. ಬಿಸಿಲು ಏರುವ ಮೊದಲು ಓಣಿಯ ಉದ್ದಕ್ಕೂ ಹಾಸು ಎಳೆದು ಕಟ್ಟುತ್ತಿದ್ದರು. ಹಾಸು ಎಂದರೆ ಸೀರೆಯ ಉದ್ದಕ್ಕೆ ಬರುವ ನೂಲು. ಅದಕ್ಕೆ ಗಂಜಿ ಹಚ್ಚಿ, ಕುಂಚದಿಂದ ತೀಡಿ, ಒಣಗಿಸಿದರೆ ನೂಲು ಗಟ್ಟಿಯಾಗಿ ಮಗ್ಗದಲ್ಲಿ ತುಂಡಾಗುವುದಿಲ್ಲ. ಎದುರು ಮನೆಯ ನೇಕಾರನ ಹಾಸಿನ ಕೊನೆಯ ಗೂಟ ಸರಿಯಾಗಿ ನಮ್ಮ ಮನೆಯ ಕಟ್ಟೆಯ ಮುಂದೆ ಬರುತ್ತಿತ್ತು. ನನ್ನ ನಾಯಿಗೆ ಗಂಜಿಯ ರುಚಿ ಹತ್ತಲು ಒಂದು ಬೆಳಗು ಸಾಕಾಯಿತು. ಅದು ನೆಕ್ಕಿದ ಕಡೆ ಎಳೆಗಳು ಮೆತ್ತಗಾಗಿ, ಮುಂದೆ ಮಗ್ಗದ ಮೇಲೆ ಒಂದೊಂದೇ ತುಂಡಾಗುತ್ತಿದ್ದವು. ಗಂಟು ಹಾಕುವ ಕೆಲಸ ನೇಕಾರನ ಹೆಂಡತಿಯದು. ಅವಳಿಗೂ ನನ್ನದೇ ವಯಸ್ಸು, ನಾಲಿಗೆ ಮಾತ್ರ ನನ್ನದಕ್ಕಿಂತ ಹತ್ತು ಪಟ್ಟು ಚುರುಕು.

"ಬಾಯಾರ, ಸಾಹೇಬ್ರ ಮನ್ಯಾಗ ನಾಯಿಗೆ ಕೂಳ ಹಾಕಂಗಿಲ್ಲೇನ್ರಿ?"

ನಾನು ನೋ, ನೋ ಎಂದು ನಾಯಿಯನ್ನು ಕರೆದುಕೊಳ್ಳುತ್ತಿದ್ದೆ. ಏನೂ ಮಾಡುವುದಿಲ್ಲ, ಬಹಳ ಜೆಂಟಲ್ ಇದೆ ಎಂದು ಸಮಾಧಾನ ಹೇಳುತ್ತಿದ್ದೆ.

"ನೋ ಅಂದ್ರ ಅದಕ್ಕ ತಿಳೀತೈತಿ, ನಮಗ ಅನ್ನಾಕ ಬರಂಗಿಲ್ಲ. ಹಚಾ ಅನ್ನೂದು ಮೊದಲ ಕಲಸ್ರಿ ಅದಕ್ಕ."

ಓಣಿಯೆಲ್ಲ ನಕ್ಕಿತು. ನಾನೂ ನಕ್ಕೆ. ಕಲಿಸಲಿಲ್ಲ.

ಶ್ರಾವಣದ ಮೋಡ ಕಟ್ಟಿತ್ತು. ಪಂಚಮಿ ಹತ್ತಿರ ಬಂದಿತ್ತು. ನೇಕಾರನ ಮಗಳು, ಸಾಲೆಗೆ ಹೋಗುವ ಸಣ್ಣ ಹುಡುಗಿ, ನೂಲು ಸುತ್ತಿದ ಕಂಡಿಕೆಗಳ ಬುಟ್ಟಿ ಹಿಡಿದು ಬರುತ್ತಿದ್ದಳು. ಜಿಟಿಜಿಟಿ ಮಳೆ ಶುರುವಾಯಿತು. ನೂಲು ತೊಯ್ಯಬಾರದು ಎಂದು ಅವಳು ಓಡಿದಳು. ನನ್ನ ನಾಯಿ ಕಟ್ಟೆಯಿಂದ ಜಿಗಿದದ್ದನ್ನು ನಾನು ಕಿಟಕಿಯಿಂದ ನೋಡಿದೆ. ಬೊಗಳಲಿಲ್ಲ, ಗುರುಗುಟ್ಟಲಿಲ್ಲ. ಬಾದಾಮಿಯಲ್ಲಿ ಮಾಡುತ್ತಿದ್ದದ್ದನ್ನೇ ಮಾಡಿತು. ಹುಡುಗಿಯ ಮೀನಖಂಡಕ್ಕೆ ಬಾಯಿ ಹಾಕಿ, ಬಿಟ್ಟು, ಬೆಲ್ಲಕ್ಕಾಗಿ ನನ್ನ ಕಡೆ ತಿರುಗಿ ಬಾಲ ಆಡಿಸುತ್ತ ನಿಂತಿತು.

ಹಲ್ಲಿನ ಗುರುತು, ಅದರ ಮೇಲೆ ನಿಧಾನವಾಗಿ ಮೂಡಿದ ರಕ್ತ. ತಾಯಿ ಮುಷ್ಟಿಯಲ್ಲಿ ಖಾರದ ಪುಡಿ ಹಿಡಿದು ಓಡಿಬಂದಳು, ಅದನ್ನು ಗಾಯಕ್ಕೆ ತುಂಬಲು. ನಾನು ಹುಡುಗಿಯನ್ನು ನಳದ ಕೆಳಗೆ ಎಳೆದುಕೊಂಡು ಸಾಬೂನು ಹಚ್ಚಿ ತೊಳೆಯುತ್ತಲೇ ಇದ್ದೆ. ನಡುವೆ ಆ ಹುಡುಗಿ, ಆಚೆಗೊಂದು ಕೈ ಈಚೆಗೊಂದು ಕೈ. ಅಷ್ಟರಲ್ಲಿ ತಂದೆ ಬಡಿಗೆ ತಂದು ನಮ್ಮ ಬಾಗಿಲ ಮುಂದೆ ನಿಂತಿದ್ದ. ನಾಯಿಯನ್ನು ಹೊರಗೆ ಬಿಡಿ ಅಂದ. ಅವನ ಹಿಂದೆ ಓಣಿ ನಿಂತಿತ್ತು. ಯಾರೂ ನಗುತ್ತಿರಲಿಲ್ಲ.

ನಾಯಿಯನ್ನು ಉಳಿಸಿದ್ದು ನಾನಲ್ಲ, ಸರಕಾರಿ ದವಾಖಾನೆಯ ಡಾಕ್ಟರು. ಹುಡುಗಿಯನ್ನು ಎತ್ತಿಕೊಂಡು ಎಲ್ಲರೂ ಅಲ್ಲಿಗೇ ಹೋಗಿದ್ದೆವು. ಅವರು ಗಾಯ ನೋಡಿದರು, ನಾಯಿಗೆ ಲಸಿಕೆ ಹಾಕಿಸಿದ್ದೀರಾ ಎಂದು ನನ್ನನ್ನು ಕೇಳಿದರು. ಹಾಕಿಸಿರಲಿಲ್ಲ. ಎಮ್ಮೆಗೆ ಹಾಕಿಸುತ್ತಾರೆ ಎಂದಷ್ಟೇ ನಮಗೆ ಗೊತ್ತು. ಆಮೇಲೆ ಬಡಿಗೆ ಹಿಡಿದವನ ಕಡೆ ತಿರುಗಿದರು.

"ನಾಯಿನ್ನ ಹೊಡದ್ರಂದ್ರ ಅದಕ್ಕ ಹುಚ್ಚ ಇತ್ತೋ ಇಲ್ಲೋ ನನಗ ಗೊತ್ತಾಗಂಗಿಲ್ಲ. ಕಟ್ಟಿ ಹಾಕಿ ಹತ್ತು ದಿನ ಕಾಯ್ರಿ. ಕೂಳ ಬಿಟ್ಟಿತು, ನೀರ ಬಿಟ್ಟಿತು, ದನಿ ಬ್ಯಾರೆ ಆತು ಅಂದ್ರ ತಡಾ ಮಾಡಬ್ಯಾಡ್ರಿ, ಕೂಸಿನ್ನ ಬಾಗಲಕೋಟಿಗೆ ಕರ್ಕೊಂಡು ಹೋಗ್ರಿ."

ಬಾಗಲಕೋಟೆ ಎಂದರೆ ಆಗ ಹೊಕ್ಕಳ ಸುತ್ತ ಚುಚ್ಚುವ ಇಂಜೆಕ್ಷನ್ನುಗಳು. ದಿನಕ್ಕೊಂದರಂತೆ ವಾರಗಟ್ಟಲೆ. ಹಾಕಿಸಿಕೊಂಡು ಬಂದ ದೊಡ್ಡ ಗಂಡಸರು ಸೊಂಟ ಬಗ್ಗಿಸಿ ನಡೆಯುತ್ತಿದ್ದುದನ್ನು ಎಲ್ಲರೂ ನೋಡಿದ್ದರು. ಈಗ ತೋಳಿಗೆ ನಾಲ್ಕೈದು ಸಲ ಹಾಕುತ್ತಾರೆ, ಕೆಲಸ ಮುಗಿಯುತ್ತದೆ. ಯಾರೂ ನಮ್ಮ ಹಾಗೆ ಕಾಯುತ್ತ ಕೂಡಬಾರದು, ಕಚ್ಚಿದ ದಿನವೇ ಹೋಗಬೇಕು. ಆದರೆ ಅಂದು ನಮಗಿದ್ದ ವಿದ್ಯೆ ಕಾಯುವುದೊಂದೇ.

ನಮ್ಮವರು ಪೇಟೆಯಿಂದ ದಪ್ಪ ಚೈನು ತಂದರು. ಕಟ್ಟೆಯ ಕಂಬಕ್ಕೆ ನಾಯಿಯನ್ನು ಕಟ್ಟಿದೆವು. ಒಳಗೆ ಕಟ್ಟುವುದಕ್ಕೆ ನೇಕಾರನ ಹೆಂಡತಿ ಒಪ್ಪಲಿಲ್ಲ. ತನ್ನ ಕಣ್ಣಿಗೆ ಬೀಳುವಂತೆ ಇರಬೇಕು ಅಂದಳು. ಮರುದಿನ ನಾನು ಬಾಗಿಲು ತೆಗೆಯುವ ಮೊದಲೇ ಅವಳ ದನಿ.

"ನಾಯಿ ಉಂಡೈತೇನ್ರಿ?"

ಉಂಡಿದೆ ಅಂದರೆ ನಂಬುತ್ತಿರಲಿಲ್ಲ. ಅವಳೇ ರೊಟ್ಟಿ ತಂದು ಹಾಕಿ, ಅದು ನುಂಗುವುದನ್ನು ನೋಡಿ, ನೀರಿಟ್ಟು, ಕುಡಿಯುವುದನ್ನು ನೋಡಿ ಹೋಗುತ್ತಿದ್ದಳು. ಮಧ್ಯಾಹ್ನ ಮತ್ತೆ. ಮಗ್ಗದಿಂದ ಎದ್ದು ಅವಳ ಗಂಡ. ಆಮೇಲೆ ಅವರ ಪಕ್ಕದವರು, ಅವರ ಪಕ್ಕದವರು. ನಿನ್ನೆ ಬಡಿಗೆ ಹಿಡಿದ ಓಣಿ ಇವತ್ತು ರೊಟ್ಟಿ ಹಿಡಿದು ಸಾಲಾಗಿ ಬರುತ್ತಿತ್ತು. ಪ್ರತಿಯೊಬ್ಬರಿಗೂ ತಮ್ಮ ಕೈಯಿಂದ ಹಾಕಿ, ತಮ್ಮ ಕಣ್ಣಾರೆ ನೋಡಿದರೇ ನಿದ್ದೆ. ನಾನು ಬೇಡವೆಂದು ಹೇಳುವ ಹಾಗಿರಲಿಲ್ಲ, ಆ ಹುಡುಗಿಯ ಕಾಲಿಗೆ ಪಟ್ಟಿ ಇತ್ತು.

ಹುಡುಗಿಯೂ ಬರುತ್ತಿದ್ದಳು. ಕಟ್ಟೆಯಿಂದ ದೂರ ನಿಂತು ನಾಯಿಯನ್ನು ನೋಡುವಳು. ಒಂದು ಸಂಜೆ ಲಂಗದ ಲಾಡಿಯ ಮೇಲೆ ಕೈ ಇಟ್ಟುಕೊಂಡು ನನ್ನನ್ನು ಕೇಳಿದಳು.

"ನಾ ನಾಯಿ ಹಂಗ ಬೊಗಳ್ತೇನೇನ್ರಿ, ಬಾಯಾರ?"

ಯಾರೋ ಓಣಿಯಲ್ಲಿ ಆಕೆಗೆ ಹಾಗೆ ಹೇಳಿದ್ದರು. ನಾನು ಇಲ್ಲ ಅಂದೆ. ದನಿ ನನಗೇ ನಂಬುವ ಹಾಗೆ ಬರಲಿಲ್ಲ. ಒಳಗೆ ಹೋದೆ, ಹೊರಗೆ ಬಂದೆ, ಪಾತ್ರೆ ತೊಳೆದೆ, ತೊಳೆದ ಪಾತ್ರೆ ಮತ್ತೆ ತೊಳೆದೆ. ಆ ದಿನಗಳಲ್ಲಿ ನಾನು ಒಂದು ಕೆಲಸವನ್ನೂ ಪೂರಾ ಮಾಡಲಿಲ್ಲ. ನಾಯಿ ಸೀನಿದರೆ ಹೊರಗೆ, ನಾಯಿ ಸುಮ್ಮನಿದ್ದರೆ ಇನ್ನೂ ಬೇಗ ಹೊರಗೆ.

ಪಂಚಮಿ ಬಂತು. ಜೋಕಾಲಿ ಕಟ್ಟಿದರು. ಮನೆಮನೆಯಲ್ಲೂ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು. ಹಬ್ಬದ ದಿನ ಬರಿಗೈಲಿ ಪರೀಕ್ಷೆ ಮಾಡಲು ಯಾರು ಬರುತ್ತಾರೆ? ರೊಟ್ಟಿಯ ಬದಲು ಎಲ್ಲರ ಕೈಯಲ್ಲೂ ಉಂಡಿ. ನಾಯಿ ಒಂದನ್ನೂ ಬೇಡ ಅನ್ನಲಿಲ್ಲ. ಬೆಲ್ಲ ಅದರ ಜೀವ. ಗುಡ್ ಗರ್ಲ್ ಎಂದು ನಾನೂ ಒಂದು ಹಾಕಿದೆ.

ಮರುದಿನ ಅದು ಮೂಲೆ ಹಿಡಿದು ಮಲಗಿತು. ರೊಟ್ಟಿ ಮೂಸಲಿಲ್ಲ. ನೀರಿನ ಬೋಗುಣಿ ಹತ್ತಿರ ಸರಿಸಿದರೆ ಮುಖ ತಿರುಗಿಸಿತು. ಬಾಯಿಯ ತುದಿಯಲ್ಲಿ ಜೊಲ್ಲು.

ನೇಕಾರನ ಹೆಂಡತಿ ಬೆಳಿಗ್ಗೆ ಬಂದವಳು ಬೋಗುಣಿ ನೋಡಿದಳು, ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ತನ್ನ ಮನೆಯ ಹೊಸ್ತಿಲು ದಾಟಿ ಒಳಗೆ ಹೋದಳು. ಮಗ್ಗ ನಿಂತಿತು. ನಮ್ಮವರು ಜೀಪು ತಂದರು. ನಾಯಿಯನ್ನು ಗೋಣಿಚೀಲದಲ್ಲಿ ಸುತ್ತಿ, ಬಾಯಿಗೆ ಪಟ್ಟಿ ಕಟ್ಟಿ, ಹುನಗುಂದದ ಪಶು ದವಾಖಾನೆಗೆ ಒಯ್ದೆವು. ಕೀಲಿ ಹಾಕಿತ್ತು. ಡಾಕ್ಟರು ಹಬ್ಬಕ್ಕೆ ಊರಿಗೆ ಹೋಗಿದ್ದರು. ಬಾಗಿಲ ಮುಂದೆ ಒಂದು ಎಮ್ಮೆ ನಮ್ಮ ಹಾಗೇ ಕಾಯುತ್ತಿತ್ತು. ಸ್ವಲ್ಪ ಹೊತ್ತು ಕಾಯ್ದು, ತಿರುಗಿ ಬಂದೆವು.

ಓಣಿಯಲ್ಲಿ ಜೀಪು ಇಳಿದಾಗ ಅವಳು ಬಾಗಿಲಲ್ಲೇ ಇದ್ದಳು. ನಮ್ಮ ಮುಖ ನೋಡಿದ್ದೇ ಸಾಕಾಯಿತು. ಸಂಜೆ ಅವರ ಮನೆಯಲ್ಲಿ ಬಟ್ಟೆ ಗಂಟು ಕಟ್ಟುವುದು ಕಾಣುತ್ತಿತ್ತು: ಒಂದು ಚಾದರ, ಒಂದು ಚರಿಗೆ, ಹುಡುಗಿಯ ಎರಡು ಲಂಗ. ಮರುದಿನ ಬೆಳಗಿನ ಬಸ್ಸಿಗೆ ಬಾಗಲಕೋಟೆ. ಬಾಗಲಕೋಟೆಯಲ್ಲಿ ಅವರಿಗೆ ಯಾರೂ ಪರಿಚಯವಿಲ್ಲ. ನಾನು ಕೂಡ ಬರುತ್ತೇನೆ ಅಂದೆ. ಬ್ಯಾಡ್ರಿ ಅಂದಳು, ಅಷ್ಟೇ. ನಾನು ಕಟ್ಟೆಯ ಮೇಲೆ ಚೈನು ಮುಟ್ಟದಷ್ಟು ದೂರ ಕೂತೆ. ಕೊರಳಲ್ಲಿ ಲಿಂಗ, ಬಾಯಲ್ಲಿ ಸಿಸ್ಟರುಗಳು ಕಲಿಸಿದ ಪ್ರಾರ್ಥನೆ. ಎರಡನ್ನೂ ಒಟ್ಟಿಗೆ ಹಿಡಿದುಕೊಂಡಿದ್ದೆ.

ಬೆಳಗಾಯಿತು. ಎಷ್ಟೋ ದಿನಗಳ ಮೇಲೆ ಮೋಡ ಹರಿದು ಬಿಸಿಲು ಬಿದ್ದಿತ್ತು. ಕುದಿಸಿಟ್ಟ ಗಂಜಿ ಹುಳಿಯಾಗುವುದರಲ್ಲಿತ್ತು, ಹೆಂಡತಿ ಮಗಳನ್ನು ಬಸ್ಸಿಗೆ ಬಿಡುವ ಮೊದಲು ಹಾಸು ತೀಡಿ ಬಿಡೋಣ ಎಂದು ನೇಕಾರ ಗೂಟ ಹೂಡಿದ. ಅವನ ಕೈ ಗಂಜಿ ಹಚ್ಚುತ್ತಿತ್ತು, ಮನಸ್ಸು ಎಲ್ಲೋ ಇತ್ತು. ಕೊನೆಯ ಗೂಟವನ್ನು ಎಂದಿನ ಜಾಗದಲ್ಲೇ, ನಮ್ಮ ಕಟ್ಟೆಯ ಮುಂದೆಯೇ ಹೂಡಿದ. ನಾಯಿ ಅಲ್ಲಿರುವುದು ಮರೆತೇಹೋಗಿರಬೇಕು.

ಅವಳು ಗಂಟು ಕಂಕುಳಲ್ಲಿ ಇಟ್ಟುಕೊಂಡು, ಮಗಳ ಕೈ ಹಿಡಿದು ಹೊರಗೆ ಬಂದಳು. ಆಗ ನನ್ನ ನಾಯಿ ಎದ್ದು ನಿಂತಿತು. ಮೈ ಒಂದು ಸಲ ಕೊಡವಿತು. ಚೈನು ಎಳೆದುಕೊಂಡು ಕಟ್ಟೆಯ ಅಂಚಿಗೆ ಬಂದು, ಕತ್ತು ಚಾಚಿ, ಹಾಸಿನ ತುದಿಯನ್ನು ನೆಕ್ಕಿತು. ಮತ್ತೆ ನೆಕ್ಕಿತು.

ನೇಕಾರ ಕುಂಚ ಎತ್ತಿದ, ಅಟ್ಟಲು.

"ಇರ್ಲಿ ಬಿಡ್ರಿ," ಅಂದಳು ಅವಳು. "ನೆಕ್ಕಲಿ."

ಓಣಿಯ ಉದ್ದಕ್ಕೂ ಜನ ತಮ್ಮ ತಮ್ಮ ಹಾಸಿನ ಹತ್ತಿರ ನಿಂತು ಒಂದು ನಾಯಿ ಸೀರೆ ಕೆಡಿಸುವುದನ್ನು ನೋಡುತ್ತಿದ್ದರು. ಅವಳು ಗಂಟನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋಗಿ ಗಂಜಿಯ ಪಾತ್ರೆಯನ್ನೇ ತಂದಳು. ನೀರು ಬೆರೆಸಿ ದೂಡಿದಳು. ನಾಯಿ ಪಚಪಚನೆ ಕುಡಿಯಿತು. ತಳ ಕಂಡ ಮೇಲೆ ಬರಿ ನೀರು ಸುರಿದಳು, ಅದನ್ನೂ ಕುಡಿಯಿತು. ಆಮೇಲೆ ಹಬ್ಬದ ದಿನದ ಶೇಂಗಾ ಉಂಡಿಗಳನ್ನು ನಮ್ಮ ಕಟ್ಟೆಯ ಮೇಲೆ ಕಾರಿಕೊಂಡಿತು. ಅಜೀರ್ಣ. ಓಣಿಯ ಪ್ರೀತಿಯಲ್ಲದ ಪ್ರೀತಿ, ಎಲ್ಲ ಹೊರಗೆ ಬಂತು. ನೇಕಾರನ ಹೆಂಡತಿ ಅದರ ಪಕ್ಕದಲ್ಲೇ ಕೂತುಬಿಟ್ಟಳು. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ನಾನು ನೋಡಲು ಹೋಗಲಿಲ್ಲ. ಬಸ್ಸು ಹೋಯಿತು.

ಡಾಕ್ಟರು ಹೇಳಿದ ದಿನಗಳು ಮುಗಿಯುವವರೆಗೂ ಅವಳು ಕೇಳುವುದನ್ನು ಬಿಡಲಿಲ್ಲ, ನಾನೂ ನಿದ್ದೆ ಮಾಡಲಿಲ್ಲ. ಉಂಡಿ ಮಾತ್ರ ಯಾರೂ ತರಲಿಲ್ಲ. ಆ ನಡುವೆ ಹುಡುಗಿಗೆ ನಾನು ಒಂದು ಪಾಠ ಹೇಳಿಕೊಟ್ಟೆ: ನಾಯಿ ಬಂದರೆ ಓಡಬಾರದು, ಕೈ ಎದೆಗೆ, ಕಣ್ಣು ನೆಲಕ್ಕೆ, ಕಂಬದ ಹಾಗೆ. ಓಣಿಯ ಮಕ್ಕಳೆಲ್ಲ ಅದನ್ನು ಆಟ ಮಾಡಿಕೊಂಡರು. ನಾಯಿಗೂ ಹೊಸ ಪಾಠ ನಡೆಯಿತು. ಛೂ ಅನ್ನುವುದು ನಮ್ಮ ಮನೆಯಲ್ಲಿ ನಿಂತುಹೋಯಿತು. ಚೈನು ಬಿಚ್ಚುವುದು ಕೂಡ. ನಮ್ಮವರು ಹುನಗುಂದಕ್ಕೆ ಮತ್ತೆ ಒಯ್ದು ಲಸಿಕೆ ಹಾಕಿಸಿಕೊಂಡು ಬಂದರು.

ಗಡುವು ದಾಟಿದ ಮರುದಿನ ಬಿಸಿಲು ಚೆನ್ನಾಗಿತ್ತು. ಹಾಸು ಎಳೆದರು. ನಾಯಿ ಎಂದಿನಂತೆ ಕಟ್ಟೆಯ ಅಂಚಿಗೆ ಬಂದು ಕತ್ತು ಚಾಚಿತು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಹೊರಗೆ ಅವಳ ದನಿ, ಓಣಿಯ ಆ ತುದಿಗೂ ಕೇಳುವ ಹಾಗೆ.

"ಹಚಾ! ಬಾಯಾರ, ದಿನ ಮುಗದಾವ್ರಿ. ಇನ್ನ ಬಾಯಿ ಹಾಕಿತಂದ್ರ ಕಾಲ ಮುರೀತೇನಿ. ನಿಮ್ಮ ಇಂಗ್ಲಿಷ್‌ನ್ಯಾಗ ಅದಕ್ಕ ತಿಳಿಸಿ ಹೇಳ್ರಿ."

ಅಷ್ಟು ದಿನಗಳಲ್ಲಿ ಮೊದಲ ಸಲ ನಾನು ಹಂಚಿನ ಮುಂದಿನಿಂದ ಏಳಲಿಲ್ಲ. ಕೂತು, ಹಿಟ್ಟು ಮುಗಿಯುವವರೆಗೂ ರೊಟ್ಟಿ ಬಡಿದೆ.