ಕಾಲುಚೀಲ ಹಾಕಿಕೊಂಡು ಹೆಂಚು ಹತ್ತಿದ್ದು

ಕೊಡಿಗೇಹಳ್ಳಿಯಲ್ಲಿ ಹೆಂಚಿನ ಮನೆ ಉಳಿಸಿಕೊಂಡವರು ಈಗ ಬೆರಳೆಣಿಕೆಯಷ್ಟು. ಅವರಲ್ಲಿ ನಾನೂ ಒಬ್ಬ. ಸುತ್ತ ನಾಲ್ಕಂತಸ್ತು ಐದಂತಸ್ತಿನ ಕಟ್ಟಡಗಳು ಎದ್ದಿವೆ. ನಡುವೆ ನಮ್ಮ ಮನೆ, ಗ್ರೂಪ್ ಫೋಟೋದಲ್ಲಿ ಗೌರವಕ್ಕಾಗಿ ಮುಂದೆ ಕೂರಿಸಿದ ಮುದುಕನ ಹಾಗೆ ಕೂತಿದೆ.

ಹೆಂಚಿನ ಮನೆ ಎಂದ ಮೇಲೆ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು, ಹೆಂಚು ಕೈಯಾಡಿಸಬೇಕು. ಒಡೆದದ್ದನ್ನು ತೆಗೆದು ಹೊಸದು ಹಾಕಬೇಕು, ಜರುಗಿದ್ದನ್ನು ಸರಿಪಡಿಸಬೇಕು, ಸಂದಿಯ ಕಸ ಗುಡಿಸಬೇಕು. ಮೂವತ್ತು ವರ್ಷಗಳಿಂದ ನಮ್ಮಲ್ಲಿ ಈ ಕೆಲಸ ಮಾಡುತ್ತಿದ್ದವನು ಹುಣಸಮಾರನಹಳ್ಳಿಯ ಒಬ್ಬನೇ ಮನುಷ್ಯ. ನಾನು ಆತನನ್ನು ಹೆಂಚಿನಣ್ಣ ಎಂದೇ ಕರೆಯುವುದು. ಆತ ಮೇಲೆ ಕೆಲಸ ಮಾಡುವಾಗ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಮೇಲ್ವಿಚಾರಣೆ ನಡೆಸುವುದು ನನ್ನ ಹೊಣೆಯಾಗಿತ್ತು. ಅದನ್ನು ಯಾರೂ ನನಗೆ ವಹಿಸಿರಲಿಲ್ಲ.

"ಹೆಂಚಿನ ಹೊಟ್ಟೆಗೆ ಕಾಲಿಡಬೇಡಪ್ಪ, ಒಡೆಯುತ್ತೆ. ಕೆಳಗೆ ರೀಪರ್ ಇರೋ ಕಡೆ ಇಡು" ಎಂದು ನಾನು ಕೂಗುತ್ತಿದ್ದೆ. ರೀಪರು ಎಂದರೆ ಹೆಂಚುಗಳು ಕೂರುವ ಅಡ್ಡ ಮರದ ಪಟ್ಟಿ; ಹೊಟ್ಟೆ ಎಂದರೆ ಎರಡು ಪಟ್ಟಿಗಳ ನಡುವೆ ಆಸರೆಯಿಲ್ಲದ ಭಾಗ. "ಒಂದು ಕಾಲು ಊರದೆ ಇನ್ನೊಂದು ಎತ್ತಬೇಡ" ಎನ್ನುತ್ತಿದ್ದೆ. "ಸೊಂಟಕ್ಕೆ ಹಗ್ಗ ಕಟ್ಟಿದ್ದೀಯಾ?" ಎನ್ನುತ್ತಿದ್ದೆ. ಇಷ್ಟೆಲ್ಲ ನನಗೆ ಹೇಗೆ ತಿಳಿಯಿತೆಂದರೆ, ಆತನನ್ನು ನೋಡಿಯೇ ತಿಳಿದದ್ದು. ಆತ ಮಾಡುತ್ತಿದ್ದುದನ್ನೇ ಮಾಡು ಎಂದು ಆತನಿಗೆ ಹೇಳಿಕೊಡುತ್ತಿದ್ದೆ. ಆತ ಮೇಲಿನಿಂದ "ಆಯ್ತು ಮೇಷ್ಟ್ರೇ" ಎನ್ನುತ್ತಿದ್ದ. ನಾನು ಗಣಿತದ ಮೇಷ್ಟ್ರಾಗಿ ನಿವೃತ್ತನಾದವನು. ನಾನು ಹೇಳಿಕೊಟ್ಟ ಮೇಲೂ ಲೆಕ್ಕ ತಪ್ಪದೆ ಉಳಿದ ಶಿಷ್ಯ ಆತನೊಬ್ಬನೇ.

ಅರವತ್ತೇಳು ವರ್ಷ ಆ ಸೂರಿನ ಕೆಳಗೆ ಬಾಳಿದ್ದ ನಾನು ಒಮ್ಮೆಯೂ ಅದರ ಮೇಲೆ ಹತ್ತಿರಲಿಲ್ಲ ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ಈ ಸಲ ಹೆಂಚಿನಣ್ಣನಿಗೆ ಮಂಡಿನೋವು. ಬರುವುದು ಒಂದೊಂದೇ ವಾರ ಮುಂದಕ್ಕೆ ಹೋಗುತ್ತಿತ್ತು. ಅಷ್ಟರಲ್ಲಿ ಒಂದು ಮಧ್ಯಾಹ್ನ ಪಕ್ಕದ ಕಟ್ಟಡದ ಎರಡನೇ ಮಹಡಿಯ ಬಾಲ್ಕನಿಯಿಂದ ತುಳಸಿಯ ಕುಂಡವೊಂದು ಉರುಳಿ, ನೇರವಾಗಿ ನಮ್ಮ ದೇವರ ಮನೆಯ ಮೇಲೆ ಬಿತ್ತು. ತುಳಸಿಗೆ ತಾನು ಎಲ್ಲಿ ಸೇರಬೇಕೆಂಬುದು ಗೊತ್ತಿದ್ದಂತಿತ್ತು. ಎರಡು ಹೆಂಚು ಒಡೆದವು. ಬಾಲ್ಕನಿಯಲ್ಲಿ ಆ ಮನೆಯಾಕೆ ಎರಡೂ ಕೈ ತಲೆಯ ಮೇಲಿಟ್ಟು ನಿಂತಿದ್ದರು.

"ಅಯ್ಯೋ ಸರ್, ಬೆಕ್ಕು ತಳ್ಬಿಡ್ತು ಸರ್! ಸಾರಿ ಸರ್!"

ಹೆಂಚಿನಣ್ಣನಿಗೆ ಫೋನ್ ಮಾಡಿದೆ.

"ನಾಳೆ ಬೆಳಿಗ್ಗೆ ಅಳಿಯನ್ನ ಕರ್ಕೊಂಡ್ ಬತ್ತೀನಿ. ನೀವ್ ಮಾತ್ರ ಅತ್ಬ್ಯಾಡಿ ಮೇಷ್ಟ್ರೇ" ಎಂದ.

"ನಾನ್ಯಾಕಪ್ಪ ಹತ್ಲಿ?" ಎಂದೆ.

ಆದರೆ ಮೂರು ಗಂಟೆಯ ಹೊತ್ತಿಗೆ ಹೆಬ್ಬಾಳದ ಕಡೆ ಆಕಾಶ ಕಪ್ಪಾಗತೊಡಗಿತು. ನಮ್ಮ ದೇವರ ಮನೆಗೆ ತಾರಸಿಯಿಲ್ಲ. ಹೆಂಚು ಹೋದರೆ ಮಳೆ ಸೀದಾ ದೇವರ ಮೇಲೆ. ಹಳೆಯ ಕೊಟ್ಟಿಗೆಯಲ್ಲಿ ಬಿಡಿ ಹೆಂಚುಗಳಿದ್ದವು, ಏಣಿಯಿತ್ತು, ನನ್ನಲ್ಲಿ ಮೂವತ್ತು ವರ್ಷಗಳ ಜ್ಞಾನವಿತ್ತು. ಕ್ಯಾನ್ವಾಸ್ ಶೂ ತೊಟ್ಟು, ಎರಡು ಹೆಂಚನ್ನು ಚೀಲಕ್ಕೆ ಹಾಕಿ ಬೆನ್ನಿಗೆ ಕಟ್ಟಿಕೊಂಡೆ. ಏಣಿಯ ಬುಡದಲ್ಲಿ ಹೆಂಡತಿ ಅಡ್ಡ ನಿಂತಳು. ಅವಳ ಆಕ್ಷೇಪಣೆ ನಾನು ಹತ್ತುವುದಕ್ಕಲ್ಲ.

"ರೀ, ಶೂ ಹಾಕ್ಕೊಂಡು ದೇವರ ತಲೆ ಮೇಲೆ ಓಡಾಡ್ತೀರಾ?"

"ರಬ್ಬರ್ ಅಡಿ ಕಣೇ, ಜಾರಲ್ಲ."

"ದೇವರಿಗೆ ಅದನ್ನ ಯಾರು ಹೇಳ್ತಾರೆ? ಬಿಚ್ಚಿ."

"ಬರಿಗಾಲಲ್ಲಿ ಹತ್ಲಾ? ಹೆಂಚು ದೋಸೆ ಕಾವಲಿ ಥರ ಕಾದಿದೆ."

ಅವಳು ಯೋಚಿಸಿದಳು. ನಾನೂ ಯೋಚಿಸಿದೆ. ಕೊನೆಗೆ ಅವಳೇ ತೀರ್ಪು ಕೊಟ್ಟಳು: "ಕಾಲುಚೀಲ ಹಾಕ್ಕೊಳ್ಳಿ. ಅದು ಬಟ್ಟೆ, ದೋಷ ಇಲ್ಲ."

ಕಾಲೂ ಸುಡಬಾರದು, ಮಡಿಯೂ ಕೆಡಬಾರದು. ಇಬ್ಬರಿಗೂ ಒಪ್ಪಿಗೆಯಾಯಿತು. ಯಾರದೋ ಮದುವೆಗೆಂದು ಕೊಂಡಿದ್ದ ನೈಲಾನ್ ಕಾಲುಚೀಲ ತಂದುಕೊಟ್ಟಳು. ಅದು ಬಹಳ ನುಣುಪಾಗಿತ್ತು. ಆಗ ಅದು ಅದರ ಗುಣ ಎನಿಸಿತ್ತು.

ಹತ್ತುವಾಗ ಏನೂ ಆಗಲಿಲ್ಲ. ಕೈಕಾಲು ಊರಿ, ಹಲ್ಲಿಯಂತೆ ಹೋಗಿ, ಒಡೆದ ಚೂರುಗಳನ್ನು ತೆಗೆದು ಎರಡೂ ಹೆಂಚು ಕೂರಿಸಿದೆ. ಚೆನ್ನಾಗಿಯೇ ಕೂತವು. ತಲೆಯೆತ್ತಿದರೆ ಬಾಲ್ಕನಿಯ ಮನೆಯಾಕೆ ಮುಖಕ್ಕೆ ಮುಖ ಕಾಣುವಷ್ಟು ಹತ್ತಿರವಿದ್ದರು. ಅಷ್ಟು ವರ್ಷ ಅವರು ಮೇಲಿನಿಂದ ನನ್ನ ಬೊಕ್ಕತಲೆಯನ್ನಷ್ಟೇ ನೋಡಿದ್ದವರು.

"ಆಯ್ತಾ ಸರ್?"

ಆಯ್ತು ಎಂದು ಹೇಳಿ ಸುಮ್ಮನಿರಬಹುದಿತ್ತು. ನಾನು ಪಕ್ಕಕ್ಕೆ ತಿರುಗಿ, ಎದ್ದು, ಕೈಯೆತ್ತಿ ತೋರಿಸಿದೆ.

ಕಾಲು ಜಾರಿತು ಎಂದು ಬರೆಯುವುದು ಸುಲಭ. ಕಾಲು ಇದೆ ಎಂಬುದೇ ಹೋಯಿತು. ಹೊಟ್ಟೆ ಹೆಂಚಿಗೆ ಬಡಿಯಿತು, ಗದ್ದ ಬಡಿಯಿತು. ನಾನು ಜಾರುತ್ತಿದ್ದೇನೆ ಎಂಬುದು ನನಗಿಂತ ಮೊದಲು ಕೈಗಳಿಗೆ ತಿಳಿದು, ಅವು ಸಿಕ್ಕಿದ್ದನ್ನೆಲ್ಲ ಕೆರೆದವು. ಎದೆಯ ಕೆಳಗೆ ಒಂದು ಹೆಂಚು ಕಳಚಿ ಹಾರಿತು. ಆ ಸಂದಿಯಲ್ಲಿ ಎಡಗೈಯ ನಾಲ್ಕು ಬೆರಳು ರೀಪರಿಗೆ ಸಿಕ್ಕಿಕೊಂಡವು. ನಿಂತೆ.

ಕಳಚಿದ ಹೆಂಚು ಸರ್ರನೆ ಇಳಿದು ಸೂರು ದಾಟಿತು. ಆಮೇಲೆ ಸದ್ದಿಲ್ಲ. ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಪುಡಿಯಾದ ಸದ್ದು. ಆ ನಡುವಿನ ನಿಶ್ಶಬ್ದ ಒಂದು ಸೆಕೆಂಡೂ ಇರಲಿಲ್ಲ. ಎಷ್ಟು ಅಡಿಯಾಯಿತು ಎಂದು ಮನಸ್ಸು ತಾನಾಗಿ ಲೆಕ್ಕ ಹಾಕಿತು. ಹನ್ನೆರಡು. ಕಲಿಸಿದ ವಿದ್ಯೆ ಬಿಟ್ಟುಹೋಗುವುದಿಲ್ಲ ಎಂಬುದು ತಿಳಿಯಲು ಅದಕ್ಕಿಂತ ಕೆಟ್ಟ ಸಮಯ ಇರಲಿಕ್ಕಿಲ್ಲ. ಆ ಕಲ್ಲು ನನ್ನ ನೇರ ಕೆಳಗಿತ್ತು.

"ರೀ! ಏನಾಯ್ತು?" ಹೆಂಡತಿಯ ದನಿ.

"ಏನಿಲ್ಲ."

"ಹಾಗಾದ್ರೆ ಇಳೀರಿ."

"ಸ್ವಲ್ಪ ಹೊತ್ತು ಇರ್ತೀನಿ."

ಅವಳು ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡ ಸದ್ದು ಕೇಳಿತು. ನಾನು ಏಣಿಯ ಮೇಲೆ ಇರಲಿಲ್ಲ. ಅದರಿಂದ ನನಗೆ ಇನ್ನೂ ಹೆದರಿಕೆಯಾಯಿತು.

ಬಲಗಾಲು ನಡುಗುತ್ತಿತ್ತು. ಕಾಲ್ಬೆರಳ ಕೆಳಗಿನ ಹೆಂಚು ಅದಕ್ಕೆ ತಾಳ ಹಾಕಿದಂತೆ ಟಕಟಕ ಎನ್ನುತ್ತಿತ್ತು. ನಿಲ್ಲು ಎಂದು ಕಾಲಿಗೆ ಹೇಳಿದೆ. ಕೇಳಲಿಲ್ಲ. ಒಂದು ವಿಮಾನ ಬಾಗಲೂರಿನ ಕಡೆ ಇಳಿಯುತ್ತ ತಲೆಯ ಮೇಲೆ ಹೋಯಿತು. ಇಡೀ ಛಾವಣಿ ಗುಂಯ್‌ಗುಟ್ಟಿತು, ನಾನು ಒಂದು ಬೆರಳಗಲ ಕೆಳಗೆ ಬಂದೆ. ನೈಲಾನು ಕಾಲನ್ನು ಎಲ್ಲಿಯೂ ನಿಲ್ಲಗೊಡುತ್ತಿರಲಿಲ್ಲ. ಎಡಗೈಯ ಬೆರಳುಗಳಲ್ಲಿ ಮೊದಲು ನೋವಿತ್ತು, ಆಮೇಲೆ ಅದೂ ಇರಲಿಲ್ಲ. ನೋವು ಹೋದದ್ದು ಒಳ್ಳೆಯ ಲಕ್ಷಣವಲ್ಲ ಎಂದು ತಿಳಿಯುವಷ್ಟು ಬುದ್ಧಿ ಉಳಿದಿತ್ತು.

"ಸರ್, ಅಲ್ಲಾಡ್ಬೇಡಿ ಸರ್, ಫೈರ್ ಎಂಜಿನ್‌ಗೆ ಫೋನ್ ಮಾಡ್ತೀನಿ" ಎಂದರು ಬಾಲ್ಕನಿಯ ಮನೆಯಾಕೆ.

ಕೆಂಪು ವಾಹನ ನಮ್ಮ ಬೀದಿಗೆ ನುಗ್ಗಿ, ನನ್ನ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ನೋಡುತ್ತಿರುವಾಗ ಮೇಷ್ಟ್ರನ್ನು ಇಳಿಸುವ ಚಿತ್ರ ಕಣ್ಣಮುಂದೆ ಬಂತು. ಬೇಡ ಎನ್ನಬೇಕೆಂದು ಬಾಯಿ ತೆರೆದೆ. "ಮಾಡಿ" ಎಂದು ಹೊರಬಿತ್ತು.

ಆಗ ಗೇಟು ಕಿರುಗುಟ್ಟಿತು. ಕುಂಟುವ ಹೆಜ್ಜೆಯ ಸದ್ದು. ನಾಳೆ ಬರುತ್ತೇನೆಂದಿದ್ದ ಹೆಂಚಿನಣ್ಣ ಬಸ್ ಹತ್ತಿ ಇವತ್ತೇ ಬಂದಿದ್ದ.

"ನಾನ್ಯಾಕ್ ಹತ್ಲಿ ಅಂದ್ರಲ್ಲ, ಆಗ್ಲೇ ಗೊತ್ತಾಯ್ತು, ಅತ್ತೇ ಅತ್ತೀರಿ ಅಂತ" ಎಂದ. ಮೇಲೆ ನೋಡಿದನೆಂದು ಕಾಣುತ್ತದೆ, ದನಿ ಸಣ್ಣಗಾಯಿತು. "ಅಗ್ಗ ಎಲ್ಲಿ ಮೇಷ್ಟ್ರೇ?"

"ಕೊಟ್ಟಿಗೇಲಿ."

ಹಗ್ಗ ಕೊಟ್ಟಿಗೆಯಲ್ಲಿತ್ತು, ಸುತ್ತಿ, ಗಂಟು ಹಾಕಿ, ಮೊಳೆಗೆ ನೇತುಹಾಕಿ, ಅತ್ಯಂತ ಸುರಕ್ಷಿತವಾಗಿ.

"ಈಗ ಎಸೆದ್ರೆ ಇಡ್ಕೊಳೋಕೆ ಕೈ ಬಿಡ್ತೀರಿ. ಬ್ಯಾಡ. ನನ್ನ ಮಂಡಿ ಏಣಿ ಮ್ಯಾಲೆ ನಾಕು ಮೆಟ್ಟಲ್ಗೂ ಆಗಲ್ಲ. ನಾನ್ ಏಳ್ದಂಗೆ ಕೇಳಿ. ಕಾಲ್ಗೇನ್ ಆಕಂಡಿದ್ದೀರಿ?"

"ಕಾಲುಚೀಲ."

"ಯಾರ್ ಏಳ್ಕೊಟ್ರು ಇದ್ನ?" ಎಂದ. ಹೆಂಡತಿ ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳೆಂದು ಕಾಣುತ್ತದೆ, ಅದು ಕಿರುಗುಟ್ಟಿತು.

"ಬಲಗಾಲ್ ಎಬ್ಬೆರಳಲ್ಲಿ ಎಡಗಾಲಿಂದು ಕೀಳಿ. ಮೆಲ್ಲಗೆ."

ಎಡಗಾಲಿನದು ಬಂತು. ಬಲಗಾಲಿನದೂ ಬಂತು. ಬರಿಯ ಅಂಗಾಲು ಹೆಂಚಿಗೆ ತಾಗಿತು. ಸುಟ್ಟಿತು, ಆದರೆ ಹಿಡಿಯಿತು. ಅಷ್ಟು ಹಿತವಾದ ಉರಿಯನ್ನು ನಾನು ಅನುಭವಿಸಿರಲಿಲ್ಲ.

"ಈಗ ಬಲಗಾಲ ಕೆಳಗಿನ ಎಂಚಿನ ಒಟ್ಟೆಗೆ ಬಲವಾಗಿ ಊರಿ. ಒಡೀರಿ ಅದನ್ನ."

"ಹೊಟ್ಟೆಗೆ ಕಾಲಿಡಬಾರ್ದಲ್ವೇನಯ್ಯಾ!"

"ಅದು ಎಂಚು ಉಳಿಸೋನ್ಗೆ ಮೇಷ್ಟ್ರೇ. ನಾವೀಗ ನಿಮ್ಮನ್ನ ಉಳಿಸ್ತಿರೋದು. ಒಡೀರಿ, ಒಳಗೆ ರೀಪರ್ ಸಿಕ್ತದೆ, ಅದ್ರ ಮ್ಯಾಲೆ ನಿಂತ್ಕಳಿ. ಇಂಗೇ ಒಂದೊಂದೇ ಒಡ್ಕೊಂಡು ಏಣಿ ಗಂಟ ಬನ್ನಿ."

ಕಾಲು ಎತ್ತಿದೆ. ಇಡಲಾಗಲಿಲ್ಲ. ಎಡಗೈ ಇನ್ನು ಆಗದು ಎನ್ನುತ್ತಿತ್ತು. ಆದರೂ ಆ ಗಳಿಗೆಯಲ್ಲಿ ನನ್ನ ತಲೆಗೆ ಹೊಳೆದದ್ದು ಇಷ್ಟೇ: ಈ ಹೆಂಚಿನ ಕೆಳಗೆ ದೇವರ ಮನೆ. ಕಾಲು ಒಳಗೆ ಹೋದರೆ ನೇರ ದೇವರ ನೆತ್ತಿಗೆ.

"ಕೆಳಗೆ ದೇವರಿದ್ದಾರೆ ಕಣೇ" ಎಂದೆ. ನನ್ನ ದನಿ ಮಗುವಿನದಂತೆ ಇತ್ತು.

"ಇಡ್ರೀ ಕಾಲು!" ಹೆಂಡತಿ ಕಿರುಚಿದಳು. "ದೇವರನ್ನ ನಾನು ನೋಡ್ಕೋತೀನಿ! ಇಡಿ!" ಅವಳು ಒಳಗೆ ಓಡುವ ಸದ್ದು, ಪೀಠ ಎಳೆಯುವ ಸದ್ದು, ಗಂಟೆ ಉರುಳಿದ ಸದ್ದು ಕೇಳಿತು.

ಊರಿದೆ. ಹೆಂಚು ಫಟ್ಟೆಂದು ಒಡೆಯಿತು. ಚೂರು ಕಣಕಾಲನ್ನು ಗೀರಿತು. ಅಂಗಾಲಿಗೆ ಅಡ್ಡಪಟ್ಟಿಯ ಮರ ಸಿಕ್ಕಿತು. ಗಟ್ಟಿಯಾದ, ಅಲುಗಾಡದ ಮರ. ಮೈಯ ಭಾರವೆಲ್ಲ ಅದರ ಮೇಲೆ ಬಿದ್ದಾಗ ಕಣ್ಣಲ್ಲಿ ನೀರು ಬಂತು. ಅದು ಧೂಳಿನಿಂದ ಬಂದದ್ದೆಂದು ಆಮೇಲೆ ಎಲ್ಲರಿಗೂ ಹೇಳಿದ್ದೇನೆ.

ಇನ್ನೊಂದು ಒಡೆದೆ. ಮತ್ತೊಂದು. ಮೂರನೆಯದಕ್ಕೆ ಕತ್ತಿನ ಹಿಂದೆ ಮಳೆಯ ಮೊದಲ ಹನಿ ಬಿತ್ತು. "ಆತುರ ಬ್ಯಾಡಿ, ಮಳೆ ನಿಮ್ಮನ್ನೇನ್ ಮಾಡಲ್ಲ, ರೀಪರ್ ಒದ್ದೆ ಆಗಿಲ್ಲ ಇನ್ನೂ" ಎಂದು ಆತ ಹೇಳುತ್ತಲೇ ಇದ್ದ. ಐದು ಹೆಂಚು. ಸೂರಿನ ಅಂಚಿಗೆ ಬಂದು ಕಾಲು ಗಾಳಿಯಲ್ಲಿ ತಡಕಾಡುತ್ತಿದ್ದಾಗ ಒಂದು ಒರಟು ಕೈ ನನ್ನ ಕಣಕಾಲನ್ನು ಹಿಡಿದು ಏಣಿಯ ಮೆಟ್ಟಿಲ ಮೇಲೆ ಇಟ್ಟಿತು. ನಾಲ್ಕು ಮೆಟ್ಟಿಲಿಗೂ ಆಗದ ಮಂಡಿ ಅಷ್ಟು ಮೆಟ್ಟಿಲು ಹತ್ತಿತ್ತು.

ಕೆಳಗಿಳಿದು ಒಗೆಯುವ ಕಲ್ಲಿನ ಮೇಲೆಯೇ ಕೂತೆ. ಮಳೆ ಸುರಿಯಿತು. ಎರಡು ಹೆಂಚು ಕೂರಿಸಲು ಹೋದವನು ಆರು ಕಳೆದು ಬಂದಿದ್ದೆ ಎಂದಾಗ ದೇವರ ಮನೆಯ ಸ್ಥಿತಿ ಓದುಗರಿಗೆ ತಿಳಿಯುತ್ತದೆ. ದೇವರೆಲ್ಲರೂ ಮೊರದಲ್ಲಿ ಕೂತು ನಡುಮನೆಯ ಟೀವಿ ಸ್ಟ್ಯಾಂಡಿನ ಮೇಲೆ ಬಂದಿದ್ದರು. ಹೆಂಡತಿ ನನ್ನ ಕಣಕಾಲಿಗೆ ಅರಿಶಿನ ಒತ್ತಿ, ಜಾರಿ ಬಿದ್ದಿದ್ದ ಕಾಲುಚೀಲಗಳನ್ನು ಹುಡುಕಿ ಕಸದ ಬುಟ್ಟಿಗೆ ಹಾಕಿದಳು. ಫೈರ್ ಎಂಜಿನ್ ಬಂತು. ಬಾಲ್ಕನಿಯ ಮನೆಯಾಕೆ ಬೀದಿಗೆ ಇಳಿದು ಅವರಿಗೆ ಏನೋ ಹೇಳಿ, ಕೈಮುಗಿದು ಕಳಿಸಿದರು.

ಮರುದಿನ ಬೆಳಿಗ್ಗೆ ಹೆಂಚಿನಣ್ಣನ ಅಳಿಯ ಬಂದ. ನಲವತ್ತರ ಆಸುಪಾಸಿನ ಗಟ್ಟಿ ಆಳು. ಸೊಂಟಕ್ಕೆ ಹಗ್ಗ ಬಿಗಿದು, ಇನ್ನೂ ಕಾಯದ ಹೆಂಚಿನ ಮೇಲೆ ಬರಿಗಾಲಲ್ಲಿ ಹತ್ತಿದ. ಹೆಂಚಿನಣ್ಣ ನನ್ನ ಕುರ್ಚಿಯ ಪಕ್ಕದಲ್ಲಿ ನಿಂತು, "ಕೂತ್ಕಳಿ ಮೇಷ್ಟ್ರೇ, ಅವನ್ಗೂ ಒಂದ್ನಾಕ್ ಮಾತ್ ಏಳಿ" ಎಂದ. ಕುಹಕವೋ ಗೌರವವೋ ತಿಳಿಯಲಿಲ್ಲ.

"ನೀನೇ ಕೂತ್ಕೋಪ್ಪ" ಎಂದು ಒಳಗೆ ಬಂದುಬಿಟ್ಟೆ. ಖಾಲಿ ದೇವರ ಮನೆಯಲ್ಲಿ ಗೋಡೆಗೊರಗಿ ಕೂತೆ. ತಲೆಯ ಮೇಲೆ ಅವನ ಹೆಜ್ಜೆ ಒಂದೊಂದಾಗಿ ಸರಿಯುತ್ತಿತ್ತು. ಮೂವತ್ತು ವರ್ಷ ಕೇಳಿದ ಸದ್ದೇ. ಈಗ ಪ್ರತಿ ಹೆಜ್ಜೆಗೂ ನನ್ನ ಎಡಗೈಯ ಬೆರಳುಗಳು ತಾವಾಗಿ ಮಡಚಿಕೊಳ್ಳುತ್ತಿದ್ದವು.

ಹೆಂಡತಿ ಬಾಗಿಲಲ್ಲಿ ಇಣುಕಿದಳು. "ಕಾಫಿ ಆರ್ತಿದೆ ಕಣ್ರೀ."

"ಅವನು ಇಳೀಲಿ" ಎಂದೆ.

ಅವಳು ಹೋಗಲಿಲ್ಲ. ಒಳಗೆ ಬಂದು ಪಕ್ಕದಲ್ಲಿ ಕೂತಳು. ಅವನು ಇಳಿಯುವ ತನಕ ಇಬ್ಬರೂ ಮೇಲೆ ನೋಡುತ್ತಲೇ ಇದ್ದೆವು.